ಕಸಕ್ಕೂ ಒಂದು ಕಣ ಬೇಕು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



‘ತಂತ್ರಜ್ಞಾನ ಮತ್ತು ನಮ್ಮ ಊರು’ ಎಂಬ ವಿಷಯವನ್ನು ಸಂಘಟಕರು ನನಗೆ ಕೊಟ್ಟಿದ್ದಾರೆ. ಇಷ್ಟು ದೊಡ್ಡ ವಿಷಯದಲ್ಲಿ ನನಗೆ ಗೊತ್ತಿರುವುದು ಒಂದು ಮೂಲೆ ಮಾತ್ರ. ಅದು ಕಸ. ಹಬ್ಬದ ದಿನ ಕಸದ ಮಾತೇ ಎಂದು ಬೇಸರಿಸಬೇಡಿ.

ನಾನು ಓದುವಾಗ ಶಾಲೆಯ ಹಿಂದೆ ಹೊಂಗೆ ಮರದ ಪಕ್ಕ ಒಂದು ಗುಂಡಿ ಇತ್ತು. ಶನಿವಾರ ತರಗತಿ ಮುಗಿದ ಮೇಲೆ ಕಸ ಗುಡಿಸಿ ಅಲ್ಲಿ ಸುರಿದು ಬೆಂಕಿ ಇಡುತ್ತಿದ್ದೆವು. ಆಗ ಅದರಲ್ಲಿ ಇದ್ದದ್ದು ತರಗೆಲೆ ಮತ್ತು ಕಾಗದ. ನಿನ್ನೆ ಸಂಜೆ ಹೋಗಿ ನೋಡಿದೆ. ಗುಂಡಿ ಇದೆ, ಬೆಂಕಿಯೂ ಇದೆ. ಉರಿಯುತ್ತಿದ್ದುದು ಚಿಪ್ಸ್ ಕವರು, ಹಾಲಿನ ಕವರು, ನೀರಿನ ಬಾಟಲಿ. ಹೊಗೆ ಎಂಟನೇ ತರಗತಿಯ ಕಿಟಕಿಯೊಳಗೆ ನುಗ್ಗುತ್ತಿತ್ತು. ಯಾರನ್ನೂ ದೂರುತ್ತಿಲ್ಲ. ಆ ಬೆಂಕಿ ಇಟ್ಟವರಲ್ಲಿ ನಾನೂ ಒಬ್ಬ.

ಒಣ ಕಸವನ್ನು ದೂರದ ನಗರಕ್ಕೆ ಸಾಗಿಸಿದರೆ ಬಾಡಿಗೆಯೇ ಗಿಟ್ಟುವುದಿಲ್ಲ. ಖಾಲಿ ಬಾಟಲಿ ತುಂಬಿದ ಟೆಂಪೊ ಹೊರುವುದು ಹೆಚ್ಚಾಗಿ ಗಾಳಿಯನ್ನೇ. ಆದ್ದರಿಂದ ಕಸ ಇರುವಲ್ಲಿಗೇ ಯಂತ್ರ ಬರಬೇಕು, ಅಲ್ಲೇ ವಿಂಗಡಿಸಿ, ಒತ್ತಿ, ಹೊರೆ ಕಟ್ಟಿ ಮಾರಬೇಕು. ಇಂಥ ಯಂತ್ರ ನಿಮಗೆ ಹೊಸದಲ್ಲ. ರಾಗಿ ಕಣವನ್ನೇ ನೆನಪಿಸಿಕೊಳ್ಳಿ. ಉರುಳುವ ದೊಡ್ಡ ಜರಡಿ ಒಂದಿರುತ್ತದೆ. ಅದನ್ನು ಟ್ರಾಮೆಲ್ ಎನ್ನುತ್ತಾರೆ. ಮಣ್ಣು, ಚೂರು ಕೆಳಗೆ ಉದುರುತ್ತದೆ, ದೊಡ್ಡದು ಮುಂದೆ ಹೋಗುತ್ತದೆ. ನಂತರ ಬ್ಲೋವರ್. ನಾವು ಗಾಳಿ ಬಂದಾಗ ರಾಗಿ ತೂರುವಂತೆ ಅದು ಹಗುರವಾದ ಕವರುಗಳನ್ನು ದೂರ ಹಾರಿಸುತ್ತದೆ. ಆಮೇಲೆ ಅಯಸ್ಕಾಂತ ಕಬ್ಬಿಣವನ್ನು ಎತ್ತಿಕೊಳ್ಳುತ್ತದೆ. ಉಳಿದದ್ದು ಬೆಲ್ಟಿನ ಮೇಲೆ ಸಾಗಿದಂತೆ ಕೈಯಿಂದ ಆರಿಸುತ್ತಾರೆ. ದೊಡ್ಡ ಕಾರ್ಖಾನೆಗಳಲ್ಲಿ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬಿಟ್ಟು, ಅದು ಹಿಂದಿರುಗುವ ರೀತಿಯಿಂದ ಪ್ಲಾಸ್ಟಿಕ್ ಯಾವುದೆಂದು ಗುರುತಿಸುತ್ತಾರೆ.

2020ರಲ್ಲಿ ಲಾಕ್‌ಡೌನ್ ಆಗಿ ಊರಿನಿಂದಲೇ ಕೆಲಸ ಮಾಡುತ್ತಿದ್ದಾಗ, ಇಬ್ಬರು ಗೆಳೆಯರ ಜೊತೆ ಸೇರಿ ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಇಂಥದೊಂದನ್ನು ಕಟ್ಟಿದೆವು. ಅವಕೆಂಪು ಉಪಕರಣ ನಮ್ಮ ಕೈಗೆಟುಕದ ಬೆಲೆ. ಬದಲಿಗೆ ಮಾಮೂಲಿ ಕ್ಯಾಮೆರಾ ಇಟ್ಟೆವು. ಅದು ನೋಡಿ ಹೇಳುವ ಸಾಫ್ಟ್‌ವೇರ್ ಬರೆದವನು ನಾನು. ತೊಳೆದಿಟ್ಟ ಬಾಟಲಿಗಳ ಸಾವಿರಾರು ಚಿತ್ರ ತೋರಿಸಿ ಕಲಿಸಿದ್ದೆ. ಮನೆಯಂಗಳದಲ್ಲಿ ಸೊಗಸಾಗಿ ನಡೆಯಿತು. ಪಂಚಾಯಿತಿಯ ಸ್ವಚ್ಛ ಸಂಕೀರ್ಣಕ್ಕೆ ಒಯ್ದ ದಿನ ಮಾನ ಹೋಯಿತು. ಅನ್ನ ಸಾರು ಬೆರೆತ ಕಸ ಜರಡಿಯ ತೂತು ಮುಚ್ಚಿತು. ಹಳೆಯ ಸೀರೆಯ ತುಂಡು ಶಾಫ್ಟಿಗೆ ಸುತ್ತಿಕೊಂಡಿತು. ಕ್ಯಾಮೆರಾದ ಗಾಜಿಗೆ ಧೂಳು ಮೆತ್ತಿತು. ಜಜ್ಜಿ ಕೆಸರಾದ ಬಾಟಲಿಯನ್ನು ನನ್ನ ಸಾಫ್ಟ್‌ವೇರ್ ಚಪ್ಪಲಿ ಎಂದಿತು. ಅಷ್ಟರಲ್ಲಿ ತ್ರೀ ಫೇಸ್ ಕರೆಂಟೂ ಹೋಯಿತು.

ಅಲ್ಲಿ ಕೆಲಸ ಮಾಡುವ ಸ್ವಸಹಾಯ ಸಂಘದ ಮಹಿಳೆಯರಲ್ಲಿ ಒಬ್ಬರು ನನ್ನ ಸಹಪಾಠಿ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನನಗಿಂತ ಹೆಚ್ಚು ಅಂಕ ಪಡೆದವರು. ನಾನು ಪಿಯುಸಿಗೆ ಹೋದೆ, ಅವರನ್ನು ಮನೆಯಲ್ಲಿ ಕಳಿಸಲಿಲ್ಲ. ಅವರು ನಕ್ಕು, “ನಿನ್ನ ಕಂಪ್ಯೂಟರಿಗೆ ಕಣ್ಣು ಕೊಟ್ಟಿದೀಯ, ಕಿವಿ ಕೊಟ್ಟಿಲ್ವಲ್ಲೋ” ಎಂದರು. ಎರಡು ಕವರು ತೆಗೆದು ಮುದುಡಿದರು. ಬಟ್ಟೆ ಅಂಗಡಿಯಲ್ಲಿ ಅಂಗಿ ಸುತ್ತಿ ಬರುವ ಕವರು ಚರಚರ ಎಂದಿತು, ಹಾಲಿನ ಕವರು ಸದ್ದು ಮಾಡಲಿಲ್ಲ. ಎರಡಕ್ಕೂ ಬೆಲೆ ಬೇರೆ. ಮತ್ತೆ ಬಾಟಲಿಯ ಚೂರು ಮತ್ತು ಮುಚ್ಚಳವನ್ನು ಬಕೆಟ್ ನೀರಿಗೆ ಹಾಕಿದರು. ಚೂರು ಮುಳುಗಿತು, ಮುಚ್ಚಳ ತೇಲಿತು. ಬಾಟಲಿಯ ಪೆಟ್ ಪ್ಲಾಸ್ಟಿಕ್‌ನ ಸಾಂದ್ರತೆ ಸುಮಾರು 1.38, ಮುಚ್ಚಳದ ಪ್ಲಾಸ್ಟಿಕ್‌ನದು 1ಕ್ಕಿಂತ ಕಡಿಮೆ. ನಮ್ಮ ವಿಜ್ಞಾನದ ಮೇಷ್ಟ್ರು ಕಲಿಸಿದ ಆರ್ಕಿಮಿಡಿಸ್ ತತ್ವ ನನಗೆ ಅಂಕಪಟ್ಟಿಯಲ್ಲಿ ಉಳಿದಿತ್ತು, ಅವರಿಗೆ ಕೈಯಲ್ಲಿ ಉಳಿದಿತ್ತು.

ಅಂದೇ ಕ್ಯಾಮೆರಾ ಬಿಚ್ಚಿದೆವು. ಬೆಲ್ಟನ್ನು ಬಗ್ಗದೆ ನಿಂತು ಆರಿಸುವ ಎತ್ತರಕ್ಕೆ ಏರಿಸಿದೆವು. ನಿಲ್ಲಿಸುವ ಪೆಡಲನ್ನು ಆರಿಸುವವರ ಕಾಲಿನ ಬಳಿಯೇ ಇಟ್ಟೆವು. ಮೇಲೊಂದು ನೆರಳು ಕಟ್ಟಿದೆವು. ಕರೆಂಟನ್ನು ಕಾಯದೆ ಟ್ರ್ಯಾಕ್ಟರಿನ ಎಂಜಿನ್ನಿನಿಂದಲೇ ನಡೆಯುವಂತೆ ಮಾಡಿದೆವು. ಈಗ ಅದು ಕೆಲಸಕ್ಕೆ ಬರುತ್ತಿದೆ.

ಆದರೆ ಯಂತ್ರದಿಂದ ಆಗದ ಒಂದು ಕೆಲಸವಿದೆ. ಕಳೆದ ವರ್ಷ ನನ್ನ ಗೆಳತಿಯ ಕೈಗೆ ಯಾರದೋ ಮನೆಯ ಇನ್ಸುಲಿನ್ ಸೂಜಿ ಚುಚ್ಚಿತು. ಕೈಗವಸು ಹಾಕಿಕೊಂಡೇ ಇದ್ದರು. ರಕ್ತ ಪರೀಕ್ಷೆಗೆಂದು ಆರು ತಿಂಗಳು ಆಸ್ಪತ್ರೆಗೆ ಓಡಾಡಿದರು. ದೇವರ ದಯೆ, ಏನೂ ಆಗಲಿಲ್ಲ. ಆದರೆ ಆ ಆರು ತಿಂಗಳು ಅವರು ಮಕ್ಕಳಿಗೆ ತುತ್ತು ಕೊಡಲೂ ಹೆದರಿದರಂತೆ. ಆ ಸೂಜಿ ನಮ್ಮ ನಿಮ್ಮಂಥವರ ಮನೆಯಿಂದಲೇ ಹೋದದ್ದು. ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಎಂದು ಮೂರು ಮಾಡಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಅದಕ್ಕೆ ಯಂತ್ರ ಬೇಡ, ಮನೆಯ ಮೂಲೆಯಲ್ಲಿ ಮೂರು ಡಬ್ಬ ಸಾಕು.

ನನ್ನ ಬೇಡಿಕೆ ಮೂರೇ. ಆ ಗುಂಡಿಯನ್ನು ಮುಚ್ಚಿ, ಅಲ್ಲಿ ಒಂದು ಗಿಡ ನೆಡೋಣ. ಇಂದು ಊಟ ಬಾಳೆ ಎಲೆಯಲ್ಲಿ, ನೀರು ಸ್ಟೀಲ್ ಲೋಟದಲ್ಲಿ. ಪಂದಿಯ ಕೊನೆಯಲ್ಲಿ ಮೂರು ಡ್ರಮ್ ಇಟ್ಟಿದ್ದೇವೆ, ದಯವಿಟ್ಟು ನೋಡಿ ಹಾಕಿ. ಮೂರನೆಯದು, ತಿಂಗಳಿಗೊಮ್ಮೆ ನಮ್ಮ ಟ್ರೇಲರ್ ಶಾಲೆಯ ಮೈದಾನಕ್ಕೆ ಬರುತ್ತದೆ, ಮಕ್ಕಳು ಮನೆಯ ಒಣ ಕಸ ತರಲಿ. ಮಾರಿದ ಹಣದಲ್ಲಿ ಅರ್ಧ ಸಂಘಕ್ಕೆ, ಅರ್ಧ ಶಾಲೆಯ ಗ್ರಂಥಾಲಯಕ್ಕೆ. ಯಂತ್ರದ ರಿಪೇರಿ ಖರ್ಚು ನಮ್ಮ ಬ್ಯಾಚಿನದು.

ಬಕೆಟ್ ನೀರಿನ ಪಾಠವನ್ನು ಒಂಬತ್ತನೇ ತರಗತಿಗೆ ನನ್ನ ಗೆಳತಿಯೇ ಮಾಡಬೇಕೆಂದು ಕೇಳಿಕೊಂಡಿದ್ದೇನೆ, ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಇಪ್ಪತ್ತು ವರ್ಷದ ಮೇಲೆ ಅವರು ಮತ್ತೆ ಶಾಲೆಗೆ ಬರುತ್ತಾರೆ, ಈ ಸಲ ಕರಿಹಲಗೆಯ ಕಡೆಯಿಂದ.