ಕೊಟ್ಟ ಮಾತೇ ಆಡಳಿತಗಾರನ ಬಲ

(ಮಾಮೂಲ್‌ಪೇಟೆಯ ಮಸೀದಿಯೊಂದರಲ್ಲಿ 2024ರ ಜೂನ್ 28ರಂದು ನೀಡಿದ ಜುಮಾ ಪ್ರವಚನದ ಸಂಗ್ರಹ)



ಜೂನ್ 9ರಂದು ನರೇಂದ್ರ ಮೋದಿಯವರು ಮೂರನೇ ಬಾರಿಗೆ ಪ್ರಧಾನಿಯಾಗಿ ಪ್ರಮಾಣ ವಚನ ಸ್ವೀಕರಿಸಿದರು. ನಾವು ಯಾರಿಗೆ ಮತ ಹಾಕಿದ್ದರೂ ಈಗ ಅವರು ನಮ್ಮೆಲ್ಲರ ಪ್ರಧಾನಿ. ಹೊರದೇಶಗಳ ಮುಂದೆ ಅವರು ಆಡುವ ಮಾತು 140 ಕೋಟಿ ಜನರ ಪರವಾದ ಮಾತು. ಅದು ಅವರ ಕೈಯಲ್ಲಿರುವ ಅಮಾನತ್.

ವಿದೇಶಾಂಗ ನೀತಿ ದೆಹಲಿಯವರ ವಿಷಯ, ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡ ನಮಗೇನು ಎನ್ನಬೇಡಿ. ಪ್ರಮಾಣ ವಚನದ ಮೂರೇ ದಿನಕ್ಕೆ, ಜೂನ್ 12ರಂದು, ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರು ವಾಸವಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. 45 ಭಾರತೀಯರ ಮೃತದೇಹಗಳನ್ನು ವಾಯುಪಡೆಯ ವಿಮಾನ ಕೊಚ್ಚಿಗೆ ತಂದಿತು. ಮೃತರಲ್ಲಿ ನಮ್ಮ ಕಲಬುರಗಿ ಜಿಲ್ಲೆಯವರೂ ಇದ್ದರು. ಸರ್ಕಾರ ಬೇಗ ವಿಮಾನ ಕಳಿಸಿದ್ದು ಒಳ್ಳೆಯದು. ಆದರೆ ಬದುಕಿದ್ದಾಗಲೇ ಅವರಿಗೆ ಸುರಕ್ಷಿತ ವಸತಿ ಸಿಗುವಂತೆ ಆ ದೇಶಗಳೊಂದಿಗೆ ಗಟ್ಟಿಯಾಗಿ ಮಾತಾಡುವುದು ಅದಕ್ಕಿಂತ ದೊಡ್ಡ ಕೆಲಸ.

ಬೇರೆ ಸವಾಲುಗಳೂ ಇವೆ. 2020ರಲ್ಲಿ ಗಲ್ವಾನ್‌ನಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟರು. ಗಡಿಯಲ್ಲಿ ಬಿಗುವು ಇಂದಿಗೂ ಉಳಿದಿದೆ, ಚೀನಾದ ಸಾಮಾನು ಮಾತ್ರ ನಮ್ಮ ಪೇಟೆಗಳಿಗೆ ಬರುತ್ತಲೇ ಇದೆ. ಭಾರತೀಯ ಸೈನಿಕರು ಹೋಗಲಿ ಎಂದ ಮಾಲ್ದೀವ್ಸ್ ಅಧ್ಯಕ್ಷ ಮುಯಿಝು ಅವರೇ ಪ್ರಮಾಣ ವಚನಕ್ಕೆ ಅತಿಥಿಯಾಗಿ ಬಂದರು. ನೆರೆಯವರೊಂದಿಗೆ ಮುನಿಸು ಬಿಟ್ಟು ಮಾತಾಡುವುದೇ ಸರಿಯಾದ ದಾರಿ.

ಇನ್ನು ಗಾಝಾ. ಭಾರತ 1988ರಲ್ಲೇ ಫೆಲೆಸ್ತೀನ್ ರಾಷ್ಟ್ರವನ್ನು ಮಾನ್ಯ ಮಾಡಿದೆ. 2023ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಕದನ ವಿರಾಮದ ನಿರ್ಣಯಕ್ಕೆ ಮತ ಹಾಕದೆ ಉಳಿಯಿತು, ಡಿಸೆಂಬರ್‌ನಲ್ಲಿ ಅಂಥದೇ ನಿರ್ಣಯದ ಪರ ನಿಂತಿತು. ಇಸ್ರೇಲ್ ಜೊತೆ ಸ್ನೇಹ ಇರಬಹುದು. ಆದರೆ ಸ್ನೇಹಿತನಿಗೆ ತಪ್ಪನ್ನು ತಪ್ಪೆಂದು ಹೇಳುವುದೂ ಸ್ನೇಹವೇ.

ಹುದೈಬಿಯಾವನ್ನು ನೆನೆಯಿರಿ. ಉಮ್ರಾಕ್ಕೆ ಹೊರಟ ಪ್ರವಾದಿವರ್ಯರು(ಸ) ಆ ವರ್ಷ ಹಿಂದಿರುಗಲು ಒಪ್ಪಿದರು. ಮಕ್ಕಾದಿಂದ ಓಡಿಬಂದವರನ್ನು ವಾಪಸ್ ಕಳಿಸುವ ಷರತ್ತೂ ಇತ್ತು. ಅಷ್ಟರಲ್ಲೇ ಅಬೂ ಜಂದಲ್(ರ) ಸಂಕೋಲೆ ಎಳೆದುಕೊಂಡು ಬಂದರು. ಉಮರ್(ರ) ಅವರಂಥವರೂ ತಳಮಳಗೊಂಡರು. ಆದರೂ ಪ್ರವಾದಿವರ್ಯರು(ಸ) ಮಾತು ಮುರಿಯಲಿಲ್ಲ. ತನ್ನವರೇ ಬೇಸರಪಟ್ಟರೂ ಕರಾರು ಉಳಿಸಿಕೊಳ್ಳುವುದು ನಾಯಕನ ಬಲ. ಚಪ್ಪಾಳೆಗಾಗಿ ಆಡುವ ಬಿರುಸು ಮಾತು ಬಲವಲ್ಲ.

ನಮ್ಮ ಪಾಲಿನ ಕರ್ತವ್ಯವೂ ಇದೆ. ಮಕ್ಕಳನ್ನು ಗಲ್ಫ್‌ಗೆ ಕಳಿಸುವಾಗ ಏಜೆಂಟ್ ಸರ್ಕಾರದಲ್ಲಿ ನೋಂದಾಯಿಸಿದವನೇ ಎಂದು ನೋಡಿ. ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಕಳಿಸಬೇಡಿ. ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂದಿದ್ದರೆ ವಲಸೆ ಅನುಮತಿ ಪಡೆಯಿರಿ. ಅಂಥವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆ. 2 ವರ್ಷಕ್ಕೆ 275 ರೂಪಾಯಿ ಕಟ್ಟಿದರೆ ಅಪಘಾತದ ಸಾವಿಗೆ 10 ಲಕ್ಷ ಸಿಗುತ್ತದೆ. ಬೇರೆ ದೇಶದ ಜಗಳವನ್ನು ಮೊಬೈಲಿನಲ್ಲಿ ಹಂಚಿ ನಮ್ಮ ಬೀದಿಗೆ ತರಬೇಡಿ.

ಅಲ್ಲಾಹನು ನಮ್ಮ ಆಡಳಿತಗಾರರಿಗೆ ನ್ಯಾಯದ ಬುದ್ಧಿ ಕೊಡಲಿ, ಪರದೇಶದಲ್ಲಿ ದುಡಿಯುವ ಎಲ್ಲರನ್ನೂ ಸುರಕ್ಷಿತವಾಗಿ ಮನೆ ಸೇರಿಸಲಿ. ಆಮೀನ್.