ಚೈನಿನ ಸ್ಟೇರಿಂಗಿಗೆ ಸಾಲ ಕೊಡಬಹುದೇ?

(ಒಕ್ಕೂಟದ ಮಾಸಿಕ ಸಭೆಯಲ್ಲಿ ಸಂಘಗಳ ಪ್ರತಿನಿಧಿಗಳಿಗೆ ನೀಡಿದ ಮಾತುಗಳ ಬರಹ ರೂಪ)



ಹೋದ ತಿಂಗಳು ಒಂದು ಸಂಘದ ನಿರ್ಣಯ ಪುಸ್ತಕ ನೋಡುತ್ತಿದ್ದೆ. "ವ್ಯಾನಿನ ಸ್ಟೇರಿಂಗ್ ಬದಲಾವಣೆಗೆ ರೂ. 12,000 ಆಂತರಿಕ ಸಾಲದ ಬೇಡಿಕೆ. ಸಿಸ್ಟರ್ ಅವರನ್ನು ಕೇಳಿ ತೀರ್ಮಾನಿಸುವುದು" ಅಂತ ಬರೆದಿತ್ತು. ಕೋಳಿ, ಹಸು, ಹೊಲಿಗೆ ಯಂತ್ರ, ಮಗಳ ಕಾಲೇಜು ಫೀಸು, ಇವುಗಳಿಗೆ ಸಾಲ ಕೇಳಿದ್ದು ಗೊತ್ತು. ಸ್ಟೇರಿಂಗಿಗೆ ಕೇಳಿದ್ದು ಇದೇ ಮೊದಲು. ನಾನು ಎಂ.ಎಸ್.ಡಬ್ಲ್ಯೂ. ಓದಿದವಳು. ಅಲ್ಲಿ ನಮಗೆ ವೆಲ್ಡಿಂಗ್ ಪಾಠ ಇರಲಿಲ್ಲ.

ವಿಷಯ ಇಷ್ಟು. ಆ ಸಂಘದ ಸದಸ್ಯೆಯೊಬ್ಬರು ಸಂಘದ ಮೂಲಕ ಸಾಲ ಮಾಡಿ ಹಳೆಯ ಮಾರುತಿ ಓಮ್ನಿ ತೆಗೆದುಕೊಂಡಿದ್ದಾರೆ. ಆರ್.ಸಿ. ಅವರ ಹೆಸರಿನಲ್ಲೇ ಇದೆ. ಓಡಿಸುವವನು ಮಗ. ಐ.ಟಿ.ಐ.ಯಲ್ಲಿ ವೆಲ್ಡರ್ ತರಬೇತಿ ಆದವನು, ಕೈಕೆಲಸ ಚೆನ್ನಾಗಿ ಬಲ್ಲವನು. ಯಾವುದೋ ವಿಡಿಯೋದಲ್ಲಿ ಚೈನಿನ ಕೊಂಡಿಗಳನ್ನು ಒಂದಕ್ಕೊಂದು ಬೆಸೆದು ಮಾಡಿದ ಸ್ಟೇರಿಂಗ್ ನೋಡಿದ. ತಾನೂ ಒಂದು ಮಾಡಿ ವ್ಯಾನಿಗೆ ಹಾಕಬೇಕು, ಆಮೇಲೆ ಬೇರೆಯವರಿಗೂ ಮಾಡಿ ಮಾರಬೇಕು ಅಂತ ಅವನ ಆಸೆ. ಅದೇ ವ್ಯಾನಿನಲ್ಲಿ ಪ್ರತಿ ಶುಕ್ರವಾರ ಸಂಘದ ಐದಾರು ಜನ ಉಪ್ಪಿನಕಾಯಿ, ಚಕ್ಕುಲಿ ಡಬ್ಬಗಳ ಜೊತೆ ಘಾಟಿ ಇಳಿದು ಸಂತೆಗೆ ಹೋಗುತ್ತಾರೆ. ಅದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಕೇಳಿ.

ಗೊತ್ತಿಲ್ಲದೆ "ಬೇಡ" ಅನ್ನುವುದು ಸುಲಭ. ಹುಡುಗರು ಏನಾದರೂ ಹೊಸದು ಮಾಡುತ್ತೇನೆ ಅಂದ ಕೂಡಲೇ ನಾವು ಹಿರಿಯರು ಬಾಯಿ ಮುಚ್ಚಿಸುತ್ತೇವೆ. ಹಾಗಾಗಿ ಅವನು ಕೆಲಸ ಮಾಡುವ ವರ್ಕ್‌ಶಾಪಿಗೆ ಹೋಗಿ ಎರಡು ದಿನ ಸ್ಟೂಲ್ ಹಾಕಿಕೊಂಡು ಕೂತೆ. ಮಾಲೀಕರಿಗೆ ಮೊದಲು ಮುಜುಗರ, ಆಮೇಲೆ ಚಹಾ ತರಿಸಿದರು.

ಈ ಅಲಂಕಾರ ಅಮೆರಿಕದ್ದು. ಕ್ಯಾಲಿಫೋರ್ನಿಯಾದ ಲಾಸ್ ಏಂಜಲಿಸ್ ಕಡೆ ಮೆಕ್ಸಿಕೋ ಮೂಲದ ಕುಟುಂಬಗಳ ಯುವಕರು ಹಳೆಯ ಕಾರುಗಳನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ, ಬಣ್ಣ ಬಳಿದು, ಬೀದಿಯಲ್ಲಿ ಮೆರವಣಿಗೆಯ ಹಾಗೆ ನಿಧಾನವಾಗಿ ಓಡಿಸುತ್ತಿದ್ದರು. ಅವನ್ನು ಲೋರೈಡರ್ ಅನ್ನುತ್ತಾರೆ. ಹಾಗೆ ತಗ್ಗಿಸುವುದನ್ನು ತಡೆಯಲು ಅಲ್ಲಿ 1958ರಲ್ಲೇ ಕಾನೂನು ಬಂತು. ಅಂಥ ಕಾರುಗಳಿಗೆ ಹೊಳೆಯುವ ಚೈನಿನ ಚಿಕ್ಕ ಸ್ಟೇರಿಂಗ್ ಒಂದು ಶೋಕಿ. 1970ರ ದಶಕದಲ್ಲಿ ಅಲ್ಲಿ ವ್ಯಾನುಗಳನ್ನೂ ಒಳಗೆ ಹಾಸಿಗೆ, ಕಾರ್ಪೆಟ್ ಹಾಕಿ ಮನೆಯ ಹಾಗೆ ಸಿಂಗರಿಸುವ ಹುಚ್ಚು ಹಬ್ಬಿತ್ತು. ಬಡತನ, ಅವಮಾನದ ನಡುವೆ ಬೆಳೆದ ಹುಡುಗರು ತಮ್ಮ ಕೈಯಿಂದಲೇ ಏನೋ ಮಾಡಿ ತೋರಿಸಿದರು. ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಅವರ ಕಾರು ಬೀದಿಯಲ್ಲಿ ತೋರಿಸಲು, ನಮ್ಮ ವ್ಯಾನು ಘಾಟಿ ಇಳಿಯಲು.

ಈಗ ಮಾಡುವ ವಿಧಾನ ಹೇಳುತ್ತೇನೆ. ಮೊದಲು ಚೈನು. ಬೆಳ್ಳಗೆ ಹೊಳೆಯುವ ಜಿ.ಐ. ಚೈನು ಬೇಡ. ಅದರ ಮೇಲೆ ಸತುವಿನ ಲೇಪ ಇರುತ್ತದೆ, ಬೆಸುಗೆಯ ಕಾವಿಗೆ ಅದು ಬಿಳಿ ಹೊಗೆಯಾಗಿ ಏಳುತ್ತದೆ. ಅದನ್ನು ಕುಡಿದವನಿಗೆ ಸಂಜೆಗೆ ಚಳಿ ಜ್ವರ, ಮೈಕೈ ನೋವು. ಬೆಲ್ಲ ತಿಂದರೆ, ಹಾಲು ಕುಡಿದರೆ ಹೋಗುತ್ತೆ ಅನ್ನುತ್ತಾರೆ, ಹೋಗುವುದಿಲ್ಲ. ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡುವುದು, ಅಂಥ ಲೋಹ ಮುಟ್ಟದಿರುವುದು, ಇಷ್ಟೇ ದಾರಿ. ಆದ್ದರಿಂದ ಲೇಪವಿಲ್ಲದ ಸಾದಾ ಎಂ.ಎಸ್. ಚೈನು, 8 ಮಿ.ಮೀ. ದಪ್ಪದ್ದು.

ಪ್ಲೈವುಡ್ ಮೇಲೆ 12 ಇಂಚಿನ ವೃತ್ತ ಬರೆದು ಸುತ್ತ ಮೊಳೆ ಹೊಡೆದ. ಅವನ ಚೈನಿನಲ್ಲಿ ಒಂದೊಂದು ಕೊಂಡಿ 24 ಮಿ.ಮೀ. ಮುಂದಕ್ಕೆ ಹೋಗುತ್ತದೆ. ಸುತ್ತಳತೆ 96 ಸೆಂ.ಮೀ., ಅಂದರೆ ಸರಿಯಾಗಿ 40 ಕೊಂಡಿ. ಈ ಲೆಕ್ಕ ಅವನು ಕಾಗದದ ಮೇಲೆ ಹಾಕಿ ತೋರಿಸಿದಾಗ ನನಗೆ ಖುಷಿಯಾಯಿತು. ಕೊಂಡಿಗಳ ಸಂಖ್ಯೆ ಯಾವಾಗಲೂ ಸರಿಸಂಖ್ಯೆಯೇ ಆಗಬೇಕು. ಯಾಕೆಂದರೆ ಚೈನಿನಲ್ಲಿ ಒಂದು ಕೊಂಡಿ ಮಲಗಿದರೆ ಮುಂದಿನದು ನಿಂತಿರುತ್ತದೆ, ಬೆಸಸಂಖ್ಯೆಯಾದರೆ ಕೊನೆಗೆ ಮಲಗಿದವರಿಬ್ಬರು ಅಕ್ಕಪಕ್ಕ ಬರುತ್ತಾರೆ. ಹಾಗೇ ಬಿಟ್ಟರೆ ಹಿಡಿಯಲು ಉಬ್ಬುತಗ್ಗು. ಅದಕ್ಕೆ ಚೈನನ್ನು ಅರ್ಧ ತಿರುವಿ, ಒಂದು ಆ ಕಡೆ ಒಂದು ಈ ಕಡೆ ವಾಲಿದ ಹಾಗೆ ಜೋಡಿಸುತ್ತಾರೆ. ಜಡೆ ಹೆಣೆದ ಹಾಗೆ ಕಾಣುತ್ತದೆ. ಕೊನೆಯ ಕೊಂಡಿಯನ್ನು ಕತ್ತರಿಸಿ ಬಾಯಿ ತೆರೆದು, ಸೇರಿಸಿ, ಮತ್ತೆ ಮುಚ್ಚಿ ಬೆಸೆಯಬೇಕು.

ಬೆಸುಗೆ ಹಾಕುವಾಗ ಒಂದು ಕಡೆಯಿಂದ ಸಾಲಾಗಿ ಹಾಕುತ್ತಾ ಹೋಗುವ ಹಾಗಿಲ್ಲ. ಬೆಸುಗೆ ಆರುವಾಗ ಕುಗ್ಗುತ್ತದೆ, ಎಳೆಯುತ್ತದೆ. ಸಾಲಾಗಿ ಹಾಕಿದರೆ ಚಕ್ರ ಬಿಸಿಲಿಗೆ ಒಣಗಿದ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಗಡಿಯಾರದ 12, ಆಮೇಲೆ 6, ಆಮೇಲೆ 3, 9, ಹೀಗೆ ಎದುರುಬದುರು ಸಣ್ಣ ಟ್ಯಾಕ್ ಹಾಕಿ, ನಂತರ ಎರಡೂ ಮಗ್ಗುಲಲ್ಲಿ ಪೂರ್ತಿ ಬೆಸುಗೆ. ಮೂರು ಪಟ್ಟಿಗಳು ಕಡ್ಡಿಗಳಾಗಿ ನಡುವಿನ ತಟ್ಟೆಗೆ ಸೇರುತ್ತವೆ. ಆ ತಟ್ಟೆಯನ್ನು, ಒಳಗೆ ಹಲ್ಲುಗಳಿರುವ ಒಂದು ಬಾಸ್‌ಗೆ ಬೋಲ್ಟ್ ಮಾಡುತ್ತಾರೆ. ವ್ಯಾನಿನ ಸ್ಟೇರಿಂಗ್ ದಂಡದ ಹಲ್ಲಿಗೆ ಈ ಹಲ್ಲು ಸರಿಯಾಗಿ ಕೂರಬೇಕು. ಕೂರದಿದ್ದರೆ ದಂಡಕ್ಕೇ ವೆಲ್ಡಿಂಗ್ ಹೊಡೆಯುವವರೂ ಇದ್ದಾರಂತೆ. ದೇವರೇ ಕಾಪಾಡಬೇಕು. ಕೊನೆಗೆ ಗ್ರೈಂಡಿಂಗ್. ಬೆಸುಗೆಯ ಕಿಡಿ ಅಂಟಿಕೊಂಡ ಸಣ್ಣ ಸಣ್ಣ ಕಾಳು ಉಳಿದರೆ ಅಂಗೈ ಕೊಯ್ಯುತ್ತದೆ.

ಇಲ್ಲಿ ನನ್ನ ದಡ್ಡತನವನ್ನೂ ಹೇಳಬೇಕು. ಅವನು ಟ್ಯಾಕ್ ಹಾಕುವಾಗ "ಆ ಕಡೆ ತಿರುಗಿ ಸಿಸ್ಟರ್" ಅಂದಿದ್ದ. ಕುತೂಹಲಕ್ಕೆ ಒಂದೆರಡು ಸಲ ಬರಿಗಣ್ಣಿನಲ್ಲಿ ಇಣುಕಿದೆ. ಆಗ ಏನೂ ಆಗಲಿಲ್ಲ. ರಾತ್ರಿ ಕಣ್ಣಿಗೆ ಮರಳು ಸುರಿದ ಹಾಗೆ ಉರಿ, ನೀರು, ನಿದ್ದೆಯಿಲ್ಲ. ಡಾಕ್ಟರ ಹತ್ತಿರ ಹೋಗಿ ಔಷಧ ಹಾಕಿಸಿಕೊಂಡೆ. ನಿಮ್ಮ ಮನೆ ಹತ್ತಿರ ವೆಲ್ಡಿಂಗ್ ನಡೆಯುವಾಗ ಮಕ್ಕಳು ಸುತ್ತ ನಿಂತು ನೋಡುತ್ತಾರಲ್ಲ, ಅವರನ್ನು ಕರೆದುಕೊಳ್ಳಿ. ಕಣ್ಣು ಉರಿದರೆ ಹಾಲು, ಆಲೂಗಡ್ಡೆ ಅಂತ ಪ್ರಯೋಗ ಮಾಡಬೇಡಿ.

ಚಕ್ರ ತಯಾರಾಯಿತು. ನಿಜ ಹೇಳುತ್ತೇನೆ, ಚೆಂದವಾಗಿತ್ತು. ಆ ತಾಯಿಯೂ ಬಂದಿದ್ದರು, ಸೆರಗಿನಿಂದ ಒರೆಸಿ ಒರೆಸಿ ನೋಡಿದರು. ಮಾಲೀಕರು ಮಾತ್ರ ಏನೂ ಹೇಳದೆ ಅದನ್ನು ವೈಸ್‌ಗೆ ಕಚ್ಚಿಸಿ ಹುಡುಗನ ಕೈಗೆ ಸುತ್ತಿಗೆ ಕೊಟ್ಟರು. "ಹೊಡಿ, ನಿನ್ನ ಕೆಲಸ ತಾನೇ?" ಮೊದಲ ಎರಡು ಏಟಿಗೆ ಏನೂ ಆಗಲಿಲ್ಲ. ಮೂರನೆಯದಕ್ಕೆ ಟಪ್ ಅಂತ ಒಂದು ಬೆಸುಗೆ ಬಿಟ್ಟಿತು. ಆ ಜಾಗದಲ್ಲಿ ಚೈನು ಮತ್ತೆ ಚೈನೇ ಆಗಿ ಬಾಗಿತು. ನೋಡಿದರೆ, ಕೊಂಡಿಯ ಮೇಲಿನ ತುಕ್ಕನ್ನು ಅಲ್ಲಿ ಪೂರ್ತಿ ತೆಗೆದಿರಲಿಲ್ಲ. ಬೆಸುಗೆ ಮೇಲೆ ಹೊಳೆಯುತ್ತಿತ್ತು, ಕೆಳಗಿನ ಕಬ್ಬಿಣದ ಜೊತೆ ಕರಗಿ ಸೇರಿರಲಿಲ್ಲ. ಕಾಯದ ಕಾವಲಿಗೆ ದೋಸೆ ಹುಯ್ದ ಹಾಗೆ. ನಲವತ್ತು ಸೇರುವೆಗಳಲ್ಲಿ ಮೂವತ್ತೊಂಬತ್ತು ಗಟ್ಟಿ, ಒಂದು ಮಾತ್ರ ಹೀಗೆ. ಆ ಒಂದು ಯಾವುದು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಘಾಟಿಯ ತಿರುವಿನಲ್ಲಿ ಗೊತ್ತಾಗುತ್ತದೆ. ತಾಯಿ ಅಲ್ಲೇ ಕೂತುಬಿಟ್ಟರು.

ಎಲ್ಲಾ ಬೆಸುಗೆ ಗಟ್ಟಿಯಾಗಿದ್ದರೂ ತೊಂದರೆ ಮುಗಿಯುವುದಿಲ್ಲ. ರಾಗಿ ಬೀಸುವ ಕಲ್ಲಿನ ಗೂಟ ನಡುವಿನಿಂದ ದೂರ ಇದ್ದಷ್ಟೂ ತಿರುಗಿಸಲು ಹಗುರ, ಅಲ್ವಾ? ಸ್ಟೇರಿಂಗೂ ಹಾಗೇ. 15 ಇಂಚಿನ ಚಕ್ರ ತೆಗೆದು 12 ಇಂಚಿನದು ಹಾಕಿದರೆ ಕಾಲು ಪಾಲು ಹೆಚ್ಚು ಬಲ ಬೇಕು. ಓಮ್ನಿಗೆ ಪವರ್ ಸ್ಟೇರಿಂಗ್ ಇಲ್ಲ. ಮಳೆಯಲ್ಲಿ ಒದ್ದೆ ಕೈ ಕಬ್ಬಿಣದ ಮೇಲೆ ಜಾರುತ್ತದೆ, ಬಿಸಿಲಲ್ಲಿ ನಿಲ್ಲಿಸಿದ್ದರೆ ಮುಟ್ಟಲಾಗುವುದಿಲ್ಲ. ಎಲ್ಲಕ್ಕಿಂತ ದೊಡ್ಡದು ಇದು: ಕಂಪನಿಯ ಸ್ಟೇರಿಂಗ್ ಎದೆಗೆ ಬಡಿದರೆ ಸ್ವಲ್ಪ ಬಾಗುವ ಹಾಗೆ, ಮೇಲೆ ಮೆತ್ತಗಿರುವ ಹಾಗೆ ಮಾಡಿರುತ್ತಾರೆ. ಓಮ್ನಿಯಲ್ಲಿ ಎಂಜಿನ್ ಸೀಟಿನ ಕೆಳಗಿದೆ, ಡ್ರೈವರ್ ಮುಂದೆ ಬಾನೆಟ್ ಇಲ್ಲ. ಡಿಕ್ಕಿಯಾದರೆ ಎದೆಗೂ ಆ ಚಕ್ರಕ್ಕೂ ನಡುವೆ ಇರುವುದು ಗೇಣು ಮೊಳ. ಅಲ್ಲಿ ಕಬ್ಬಿಣದ ಸರಪಳಿ ಇಡಬೇಕೇ? 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಡ್ರೈವರಿಗೆ ಏರ್‌ಬ್ಯಾಗ್ ಕಡ್ಡಾಯವಾಗಿದೆ, ಅದು ಇರುವುದು ಸ್ಟೇರಿಂಗಿನ ಒಳಗೇ. ಅಂಥ ಗಾಡಿಯ ಸ್ಟೇರಿಂಗನ್ನು ಮನೆಯಲ್ಲಿ ಬಿಚ್ಚಲೇಬಾರದು.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ರೀತಿಯನ್ನು ಮಾಲೀಕರು ಮನಸ್ಸಿಗೆ ಬಂದ ಹಾಗೆ ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ ರೂ. 5,000 ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂದಿದೆ. ಯಾರಿಗೆ? ಮಾಲೀಕರಿಗೆ. ವೆಲ್ಡಿಂಗ್ ಮಾಡಿದ್ದು ಮಗ, ಓಡಿಸುವುದು ಮಗ, ಆದರೆ ಆರ್.ಸಿ.ಯಲ್ಲಿ ಹೆಸರಿರುವುದು ತಾಯಿಯದು. ಅಪಘಾತವಾದರೆ ವಿಮೆಯವರಿಗೆ ತಕರಾರು ತೆಗೆಯಲು ಒಂದು ಕಾರಣ ಸಿಗುತ್ತದೆ. ಆಮೇಲೆ ಉಳಿದ ಕಂತು ಕಟ್ಟುವವರು ಯಾರು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಸಂಘದ ಸಭೆಯಲ್ಲಿ ಇದೆಲ್ಲ ಚರ್ಚೆಯಾಯಿತು. ಸುಮ್ಮನೆ ಆಗಲಿಲ್ಲ, ಜಗಳವೇ ಆಯಿತು. "ಹುಡುಗ ಕುಡಿಯೋಕೆ ಕೇಳ್ತಿಲ್ಲ, ಕೆಲಸ ಮಾಡೋಕೆ ಕೇಳ್ತಿದಾನೆ. ಅದಕ್ಕೂ ಕಲ್ಲು ಹಾಕ್ತೀರಾ?" ಅಂತ ಒಬ್ಬ ಅಕ್ಕ ಎದ್ದು ನಿಂತರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಆ ಮಾತಿನಿಂದಲೇ ದಾರಿ ಸಿಕ್ಕಿತು. ಸ್ಟೇರಿಂಗಿಗೆ ಸಾಲ ಇಲ್ಲ ಅಂತ ಬರೆದರು. ಅದರ ಕೆಳಗೇ ತಲೆಗೆ ಹಾಕುವ ವೆಲ್ಡಿಂಗ್ ಹೆಲ್ಮೆಟ್, ಚರ್ಮದ ಕೈಗವಸು, ಏಪ್ರನ್, ಒಂದು ಗ್ರೈಂಡರ್, ಇವಕ್ಕೆ ರೂ. 6,500 ಸಾಲ ಮಂಜೂರು, ಹತ್ತು ಕಂತು ಅಂತ ಬರೆದರು. ಹುಡುಗ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ಈಗ ಅದೇ ಚೈನು ಬೆಸೆದು ಸ್ಟೂಲಿಗೆ ಕಾಲು ಮಾಡುತ್ತಿದ್ದಾನೆ, ಗೇಟಿನ ಕೆಲಸವೂ ಬಂದಿದೆ. ಬಿಟ್ಟುಹೋದ ಬೆಸುಗೆಯನ್ನು ತುಕ್ಕು ಉಜ್ಜಿ ಮತ್ತೆ ಹಾಕಿ, ಆ ಚಕ್ರದೊಳಗೆ ಕನ್ನಡಿ ಕೂರಿಸಿ ಸಂಘದ ಹೊಲಿಗೆ ಕೋಣೆಗೆ ಕೊಟ್ಟ. ಗೋಡೆಗೆ ಎರಡು ದಪ್ಪ ಮೊಳೆ ಹೊಡೆಯಬೇಕಾಯಿತು, ಅಷ್ಟು ಭಾರ. ಎರಡು ಕಂತು ಸರಿಯಾಗಿ ಬಂದಿದೆ, ಮೂರನೆಯದು ಮಳೆಯಿಂದ ಕೆಲಸ ನಿಂತು ನಾಲ್ಕು ದಿನ ತಡವಾಯಿತು.

ವಾಹನಕ್ಕೆ ಸಾಲ ಕೊಟ್ಟಿರುವ ಸಂಘಗಳ ಪ್ರತಿನಿಧಿಗಳು ಮುಂದಿನ ಸಭೆಗೆ ಆರ್.ಸಿ. ಮತ್ತು ವಿಮೆಯ ಝೆರಾಕ್ಸ್ ತನ್ನಿ. ಗಾಡಿಗೆ ಕ್ಯಾರಿಯರ್, ಬಂಪರ್, ಸೀಟು ಏನಾದರೂ ಬದಲಾಯಿಸಿದ್ದರೆ ಅದನ್ನೂ ಒಂದು ಚೀಟಿಯಲ್ಲಿ ಬರೆದು ತನ್ನಿ, ಕೂತು ನೋಡೋಣ.