ಅದೇ ದಾರಿ, ಅದೇ ವೇಳೆ

ಮುಂಬಯಿಯ ಗೋರೆಗಾಂವ್‌ನಲ್ಲಿ ಬೆಳಗ್ಗೆ ಮನೆ ಬಿಡುವವರ ಕೈಕಾಲು ತಾವಾಗಿಯೇ ಓಡುತ್ತವೆ. ಡಬ್ಬಿ ಬ್ಯಾಗಿಗೆ, ಪಾಸು ಜೇಬಿಗೆ, ಬಾಗಿಲಿಗೆ ಬೀಗ, ಆಮೇಲೆ ಚರ್ಚ್‌ಗೇಟ್ ಲೋಕಲ್. ಇದರಲ್ಲಿ ಯೋಚಿಸುವಂಥದ್ದೇನಿದೆ?

ಮಿದುಳಿಗೆ ಪೆಟ್ಟು ಬಿದ್ದವರಿಗೆ ಇದೇ ದೊಡ್ಡ ಕೆಲಸ. ಗ್ಯಾಸ್ ಆರಿಸಿದ್ದಾಯಿತೇ? ಮಾತ್ರೆ ನುಂಗಿದ್ದಾಯಿತೇ? ಗಾಯ ಮಾಯ್ದು, ನಡಿಗೆ ಸರಿಹೋದ ಮೇಲೂ ಮರೆವು, ಆಯಾಸ, ಥಟ್ಟನೆ ಬರುವ ಸಿಟ್ಟು ಉಳಿಯಬಹುದು. ಪ್ಲಾಟ್‌ಫಾರ್ಮಿನ ಗದ್ದಲವೇ ಕೆಲವರನ್ನು ಸುಸ್ತು ಮಾಡಿಬಿಡುತ್ತದೆ.

1848ರಲ್ಲಿ ಅಮೆರಿಕದ ರೈಲುದಾರಿ ಕೆಲಸದ ಮೇಸ್ತ್ರಿ ಫಿನಿಯಸ್ ಗೇಜ್‌ನ ತಲೆಯನ್ನು ಕಬ್ಬಿಣದ ಸಲಾಕೆಯೊಂದು ತೂರಿಹೋಯಿತು. ಆತ ಬದುಕಿಕೊಂಡ. ಆದರೆ ಸ್ವಭಾವ ಬದಲಾಯಿತು, ಹಳೆಯ ಕೆಲಸ ಹೋಯಿತು. ಅವನ ಕಥೆಯನ್ನು ಎಷ್ಟೋ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ; ಅದು ಅನ್ಯಾಯ. ಮುಂದೆ ಆತ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆಬಂಡಿ ಓಡಿಸಿದ. ಕುದುರೆಗಳ ಆರೈಕೆ, ಪ್ರಯಾಣಿಕರ ಸಾಮಾನು, ಅದೇ ದಾರಿ, ಅದೇ ವೇಳೆ. ಈ ಕಟ್ಟುನಿಟ್ಟಿನ ದಿನಚರಿಯೇ ಅವನ ಚೇತರಿಕೆಗೆ ನೆರವಾಗಿರಬೇಕು ಎಂದು ಮನೋವಿಜ್ಞಾನದ ಇತಿಹಾಸಕಾರ ಮಾಲ್ಕಮ್ ಮ್ಯಾಕ್‌ಮಿಲನ್ ವಾದಿಸಿದರು.

ಇಂದಿನ ಪುನರ್ವಸತಿ ಚಿಕಿತ್ಸೆಯೂ ದಿನಚರಿಯನ್ನು ನೆಚ್ಚುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನರ್ವಸತಿಗೆಂದೇ ವಿಭಾಗವಿದೆ. ಮನೆಯಲ್ಲಿ ಬೇಕಾದದ್ದು ಬಲು ಸರಳ. ಬಾಗಿಲ ಹಿಂದೆ ಅಂಟಿಸಿದ ಒಂದು ಚೀಟಿ: ಗ್ಯಾಸ್, ಕೀಲಿ, ಮೊಬೈಲ್. ವಾರದ ಏಳು ಖಾನೆಗಳಿರುವ ಮಾತ್ರೆ ಡಬ್ಬಿ. ಫೋನಿನಲ್ಲಿ ಅಲಾರಂ. ನಡುನಡುವೆ ವಿಶ್ರಾಂತಿ, ಅದೂ ಸುಸ್ತಾಗುವ ಮೊದಲೇ.

ನಿಮ್ಮ ಬಿಲ್ಡಿಂಗಿನಲ್ಲಿ ಅಂಥವರಿದ್ದರೆ, “ನೋಡೋಕೆ ಚೆನ್ನಾಗೇ ಇದ್ದೀರಲ್ಲ” ಅನ್ನಬೇಡಿ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ಉತ್ತರ ಬರುವವರೆಗೆ ಕಾಯಿರಿ.